ಅತ್ತೆಯ ದಮ್ಮು ಸೊಸೆಗೆ ಬಂದಿದ್ದು ಹೇಗೆ?

"ಈ ಮನೆತನದಲ್ಲೇ ಇದೆ ಬಿಡಪ್ಪಾ, ದಮ್ಮು."

ಅಮ್ಮನನ್ನು ನೋಡಲು ಬಂದವರೆಲ್ಲ ಹೇಳಿದ್ದು ಇದೇ ಮಾತು. ಈ ಏದುಸಿರು ಅಜ್ಜಿಗೆ ಇತ್ತು, ಈಗ ಅಮ್ಮನಿಗೆ. ನಾನೂ ಸುಮ್ನೆ ತಲೆಯಾಡಿಸಿದೆ. ರಾತ್ರಿ ಮಲಗಿದಾಗ ತಲೆಗೆ ಹೊಳೆಯಿತು. ಅಜ್ಜಿ ಅಪ್ಪನ ತಾಯಿ. ಅಮ್ಮ ಬೇರೆ ಊರಿಂದ ಬಂದ ಸೊಸೆ. ಸಂಬಂಧದಲ್ಲಿ ಆದ ಮದುವೆಯೂ ಅಲ್ಲ. ಇಬ್ಬರ ಮಧ್ಯೆ ರಕ್ತಸಂಬಂಧವೇ ಇಲ್ಲ! ಇದ್ದದ್ದು ಒಂದೇ ಒಲೆ.

ಅಮ್ಮ ಒಂದು ಬೀಡಿಯನ್ನೂ ಮುಟ್ಟಿದವಳಲ್ಲ. ಸ್ಪೈರೋಮೆಟ್ರಿ, ಅಂದರೆ ಉಸಿರು ಊದಿಸಿ ಅಳೆಯುವ ಪರೀಕ್ಷೆ ಮಾಡಿಸಲು ಕರೆದುಕೊಂಡು ಹೋಗಿದ್ದೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಪರೀಕ್ಷೆ ಮಾಡುವ ಹುಡುಗ "ಊದಿ ಅಮ್ಮಾ, ಊದಿ, ಊದಿ, ಇನ್ನೂ, ಇನ್ನೂ" ಅಂತ ಕೂಗುತ್ತಿದ್ದ. ಶುರು ಮಾಡುವ ಮೊದಲು ಅಮ್ಮ ನಕ್ಕಿದ್ದಳು, "ನಲವತ್ತು ವರ್ಷ ಒಲೆ ಊದಿದೀನಿ ಕಣಪ್ಪಾ, ಇದೇನು ಮಹಾ." ಮೂರನೇ ಸಲಕ್ಕೆ ಕಣ್ಣಲ್ಲಿ ನೀರು ಬಂತು. ಊದಿದ ಒಟ್ಟು ಗಾಳಿಯಲ್ಲಿ ಶೇ 70ರಷ್ಟಾದರೂ ಮೊದಲ ಸೆಕೆಂಡಿನಲ್ಲೇ ಹೊರಗೆ ಬರಬೇಕಂತೆ. ಔಷಧಿ ಎಳೆದುಕೊಂಡ ಮೇಲೂ ಅಮ್ಮನದು ಅಷ್ಟಕ್ಕೆ ಬರಲಿಲ್ಲ. ನಾವು ಇಷ್ಟು ದಿನ ದಮ್ಮು, ಉಬ್ಬಸ, ಅಸ್ತಮಾ ಅಂತ ಬಾಯಿಗೆ ಬಂದ ಹೆಸರು ಹೇಳುತ್ತಿದ್ದೆವು. ಅದು ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಸಲೀಸಾಗಿ ಹೊರಗೆ ಬಾರದ, ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ.

ಹಾಗಂತ ಜೀನ್‌ಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಇದೆ, ಅದರ ಕಥೆಯೂ ಚೆನ್ನಾಗಿದೆ. 1963ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ಲಾರೆಲ್ ಅನ್ನುವ ವಿಜ್ಞಾನಿ ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ಗೆರೆಗೆರೆಯಾಗಿ ತೋರಿಸುವ ಪಟ್ಟಿಗಳನ್ನು ನೋಡುತ್ತಿದ್ದರು. ಸುಮಾರು 1500ರಲ್ಲಿ ಐದು ಪಟ್ಟಿಗಳಲ್ಲಿ ಒಂದು ಗೆರೆಯೇ ನಾಪತ್ತೆ. ಎರಿಕ್ಸನ್ ಎಂಬ ಡಾಕ್ಟರ್ ಜೊತೆ ಸೇರಿ ಹುಡುಕಿದರೆ, ಆ ಐವರಲ್ಲಿ ಮೂವರ ಶ್ವಾಸಕೋಶ ಹಾಳಾಗಿತ್ತು. ಇಲ್ಲದ ಆ ಪ್ರೋಟೀನ್ ಆಲ್ಫಾ-1 ಆಂಟಿಟ್ರಿಪ್ಸಿನ್. ಅದನ್ನು ಮಾಡುವುದು ಹೆಚ್ಚಾಗಿ ಲಿವರ್. ಕ್ರಿಮಿ ಕೊಲ್ಲಲು ಬರುವ ಬಿಳಿ ರಕ್ತಕಣ ಒಂದು ಕಿಣ್ವ ಬಿಡುತ್ತದೆ, ಅದು ಶ್ವಾಸಕೋಶವನ್ನೂ ತಿನ್ನಬಲ್ಲದು. ಕಾವಲಿಗೆ ಬಿಟ್ಟ ನಾಯಿ ಮನೆಯವರನ್ನೇ ಕಚ್ಚಬಾರದಲ್ಲ, ಅದಕ್ಕೆ ಆಲ್ಫಾ-1 ಹಗ್ಗ ಇದ್ದಹಾಗೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಹಗ್ಗ ಸಡಿಲ. ಅಂಥವರು ಸಿಗರೇಟೂ ಸೇದಿದರೆ ನಲವತ್ತರ ಆಸುಪಾಸಿನಲ್ಲೇ ಏದುಸಿರು ಬರಬಹುದು.

ಆದರೆ ಸಿಒಪಿಡಿ ಬಂದ ನೂರು ಜನರಲ್ಲಿ ಇದು ಒಬ್ಬಿಬ್ಬರ ಕಥೆ, ಅದೂ ಉತ್ತರ ಯುರೋಪ್ ಮೂಲದವರಲ್ಲೇ ಜಾಸ್ತಿ. ಉಳಿದವರದು ಚಿಲ್ಲರೆ ಲೆಕ್ಕ. 2019ರ ಒಂದು ದೊಡ್ಡ ಅಧ್ಯಯನದಲ್ಲಿ 82 ಕಡೆ ಜೀನ್ ವ್ಯತ್ಯಾಸ ಸಿಕ್ಕಿತು, ಒಂದೊಂದರದೂ ಚೂರುಚೂರು ಪಾಲು. ಇವುಗಳಲ್ಲಿ 15ನೇ ಕ್ರೋಮೋಸೋಮಿನ ಒಂದು ತುಣುಕು ನನಗೆ ತಮಾಷೆ ಅನ್ನಿಸಿತು. ಅದು ನಿಕೋಟಿನ್ ಚಟಕ್ಕೆ ಸಂಬಂಧಿಸಿದ್ದು. ಬೀಡಿ ಬಿಡಲಾಗದವನಿಗೆ "ಮನಸ್ಸು ಗಟ್ಟಿ ಇಲ್ಲ" ಅಂತ ಬೈಯುವ ನಮಗೆ ಇದು ಗೊತ್ತಿರಬೇಕು.

ಇನ್ನು ನಮ್ಮ ದೊಡ್ಡಪ್ಪ. ದಿನಕ್ಕೊಂದು ಕಟ್ಟು ಬೀಡಿ, ಎಪ್ಪತ್ತೆಂಟರಲ್ಲೂ ತೋಟಕ್ಕೆ ಸೈಕಲ್ ತುಳಿಯುತ್ತಾರೆ. ಪ್ರತಿ ಊರಲ್ಲೂ ಇಂಥ ಒಬ್ಬರಿರುತ್ತಾರೆ, ಬೀಡಿ ಸೇದುವವರೆಲ್ಲ ಅವರನ್ನೇ ತೋರಿಸುತ್ತಾರೆ. ಅವರ ಅದೃಷ್ಟದಲ್ಲಿ ಜೀನ್ ಪಾಲೂ ಇರಬಹುದು. ಅದು ನಿಮಗೂ ಇದೆ ಅಂತ ಹೇಳಿದ್ಯಾರು? ದೊಡ್ಡಪ್ಪನ ಜೊತೆ ಬೀಡಿ ಸೇದಿ ಬೇಗ ಹೋದವರ ಹೆಸರನ್ನು ಯಾರೂ ಎತ್ತುವುದಿಲ್ಲ, ಅಲ್ವಾ?

ತಂಗಿಯ ಮಗ ಎಂಜಲು ಕಳಿಸಿ ಜೀನ್ ಪರೀಕ್ಷೆ ಮಾಡಿಸೋಣ ಅಂದ. ನಾನು ಬೇಡ ಅಂದೆ. ಚಿಕ್ಕ ವಯಸ್ಸಿನಲ್ಲೇ ಸಿಒಪಿಡಿ ಬಂದಿದ್ದರೆ, ಮನೆಯಲ್ಲಿ ಲಿವರ್ ತೊಂದರೆಯೂ ಇದ್ದರೆ, ಆಲ್ಫಾ-1 ರಕ್ತಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಖಂಡಿತ ಕೇಳಿ. ನಮ್ಮ ಮನೆಯ ಉತ್ತರ ಮಾತ್ರ ಒಲೆಯ ಹೊಗೆ ಅಟ್ಟಕ್ಕೆ ಹಿಡಿಸಿದ ಮಸಿಯಲ್ಲೇ ಇದೆ. "ವಂಶದಲ್ಲಿದೆ" ಅಂದುಬಿಟ್ಟರೆ ಯಾರೂ ಏನೂ ಮಾಡಬೇಕಿಲ್ಲ, ಅದಕ್ಕೇ ಆ ಮಾತು ಎಲ್ಲರಿಗೂ ಇಷ್ಟ.

ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯಿತು. ಬಚ್ಚಲೊಲೆ ಮಾತ್ರ ಹಾಗೇ ಇದೆ. ತೋಟದ ತೆಂಗಿನ ಗರಿ, ಮಟ್ಟೆ, ಚಿಪ್ಪು ಪುಕ್ಕಟೆ ಸಿಗುತ್ತಲ್ಲ. ಈಗ ಬೆಳಿಗ್ಗೆ ಐದೂವರೆಗೆ ಹಂಡೆ ಮುಂದೆ ಕೂತು ಊದುಗೊಳವೆ ಹಿಡಿಯುವುದು ನಮ್ಮ ಅತ್ತಿಗೆ. ಅವರೂ ಬೇರೆ ಊರಿನವರೇ. ಸೋಲಾರ್ ಹಾಕಿಸೋಣ ಅಂತ ಅಣ್ಣನ ಹತ್ತಿರ ಮಾತು ಎತ್ತಿದ್ದೇನೆ. "ಹಬ್ಬ ಕಳೀಲಿ, ನೋಡೋಣ" ಅಂದಿದ್ದಾನೆ.