‘ಡೇಟಾ ಹೋಗಲ್ಲ’ ಅಂತ ಹೇಳಬೇಡಿ

ಇವತ್ತು ಮಧ್ಯಾಹ್ನದಿಂದ ಹೊಟ್ಟೆಯೊಳಗೆ ಏನೋ ಸಂಕಟ. ಬರೆದು ಮುಗಿಸದೆ ಮಲಗಲು ಆಗಲ್ಲ.

ಮೈಸೂರಿನಲ್ಲಿ ಸಯ್ಯಾಜಿ ರಾವ್ ರಸ್ತೆ ಕಡೆ ಒಂದು ಮೊಬೈಲ್ ಅಂಗಡಿಗೆ ಹೋಗಿದ್ದೆ. ನನ್ನ ಫೋನಿನ ಟೆಂಪರ್ಡ್ ಗ್ಲಾಸ್ ಒಡೆದಿತ್ತು. ಅಂಗಡಿ ಹೆಸರು ಬೇಡ. ಇದು ಆ ಒಂದು ಅಂಗಡಿಯ ವಿಷಯ ಅಲ್ಲ.

ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಜೊತೆಯಲ್ಲಿ ಪಿಯುಸಿ ಓದುವ ವಯಸ್ಸಿನ ಮಗ. ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಬಂದಿದ್ದರು. ಕರ್ಚೀಫಿನಲ್ಲಿ ಸುತ್ತಿದ್ದ ಫೋನನ್ನು ಬಿಚ್ಚಿ ಕೌಂಟರ್ ಮೇಲಿಟ್ಟರು.

“ನಮ್ ಯಜಮಾನ್ರುದು ಕಣಪ್ಪ. ಹೋಗಿ ಎರಡು ತಿಂಗಳಾಯ್ತು. ಲಾಕ್ ನಂಬರು ಯಾರ್ಗೂ ಹೇಳಿರ್ನಿಲ್ಲ. ಒಳಗಿರೋ ಫೋಟೋ ಬೇಕಿತ್ತು.”

ಅಂಗಡಿ ಹುಡುಗ ಫೋನನ್ನು ತಿರುಗಿಸಿ ನೋಡಿದ. “ಓಪನ್ ಆಗುತ್ತೆ ಅಕ್ಕ. 1500 ಆಗುತ್ತೆ.”

“ಏನೂ ಹೋಗಕಿಲ್ವಾ?”

“ಇಲ್ಲ ಅಕ್ಕ, ಡೇಟಾ ಹೋಗಲ್ಲ.”

ನನ್ನ ಕಿವಿಗೆ ಬಿತ್ತು. ನಿಮಗೆಲ್ಲ ಗೊತ್ತಲ್ಲ, ಮಂಡ್ಯದಲ್ಲಿ ಆರು ವರ್ಷ ಇದೇ ಕೆಲಸ ಮಾಡಿದವನು ನಾನು. ಆ ಮಾತು ಸುಳ್ಳು ಅಂತ ಕೇಳಿದ ಕೂಡಲೇ ಗೊತ್ತಾಯಿತು. ಆದರೂ ಒಂದು ನಿಮಿಷ ಸುಮ್ಮನಿದ್ದೆ. ಅವನ ಅಂಗಡಿ, ಅವನ ವ್ಯಾಪಾರ, ನಡುವೆ ಬಾಯಿ ಹಾಕಲು ನಾನು ಯಾರು ಅಂದುಕೊಂಡೆ. ನನ್ನ ಗ್ಲಾಸಿನ ದುಡ್ಡು ಕೊಟ್ಟು ತಿರುಗುವಷ್ಟರಲ್ಲಿ ಆ ಫೋನು ಭಾಷೆ ಆರಿಸಿ ಅಂತ ಕೇಳುತ್ತಿತ್ತು. ಹೊಸ ಫೋನು ಮೊದಲ ಸಲ ಆನ್ ಆದಾಗ ಕೇಳುತ್ತದಲ್ಲ, ಹಾಗೆ. ಅಷ್ಟೇ. ರೀಸೆಟ್ ಮಾಡಿಬಿಟ್ಟಿದ್ದ, ಒಳಗಿದ್ದದ್ದೆಲ್ಲ ಹೋಗಿತ್ತು.

ಮುಂದೆ ಇನ್ನೂ ಇದೆ. ಫೋನು ಆ ಯಜಮಾನರ ಜಿಮೇಲ್ ಕೇಳಿತು. ಕಳ್ಳರು ರೀಸೆಟ್ ಮಾಡಿ ಮಾರಬಾರದು ಅಂತ ಗೂಗಲ್‌ನವರು 2015ರಲ್ಲಿ ಆಂಡ್ರಾಯ್ಡ್ 5.1ರಿಂದ ತಂದ ಬೀಗ ಅದು. ಎಫ್‌ಆರ್‌ಪಿ, ಅಂದರೆ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್. ನಮ್ಮ ಕಡೆ ಜಿಮೇಲ್ ಲಾಕ್ ಅನ್ನುತ್ತಾರೆ. ಲಾಕ್ ತೆಗೆಯದೆ ಹೊರಗಿನಿಂದ ರೀಸೆಟ್ ಮಾಡಿದರೆ ಹಳೆಯ ಖಾತೆಯೋ ಹಳೆಯ ಲಾಕ್ ನಂಬರೋ ಹಾಕುವವರೆಗೂ ಫೋನು ಮುಂದೆ ಹೋಗಲ್ಲ. ಹುಡುಗ ಅಂದ, “ಅಕ್ಕ, ಇದಕ್ಕೆ ಇನ್ನೊಂದು 800 ಆಗುತ್ತೆ.” ಫೋಟೋ ಹೋಯಿತು, ಫೋನೂ ತೆರೆಯಲಿಲ್ಲ, ಮೇಲೆ ಇನ್ನೂ 800.

ನನಗೆ ಸಿಟ್ಟು ಬಂದದ್ದು ರೀಸೆಟ್ ಮಾಡಿದ್ದಕ್ಕಲ್ಲ. ಎಷ್ಟೋ ಸಲ ಅದೊಂದೇ ದಾರಿ. ‘ಡೇಟಾ ಹೋಗಲ್ಲ’ ಅಂದದ್ದಕ್ಕೆ. ‘ಹೋಗುತ್ತೆ ಅಕ್ಕ, ಪರವಾಗಿಲ್ವಾ?’ ಅಂತ ಕೇಳಿದ್ದರೆ ಆ ತಾಯಿ ಫೋನನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಅಲ್ವಾ?

ಫೋನಿನ ಲಾಕ್ ಅಂದರೆ ಮನೆ ಬಾಗಿಲಿನ ಬೀಗ ಅಂತಲೇ ಜನ ತಿಳಿದಿದ್ದಾರೆ. ಬೀಗ ಒಡೆದರೆ ಒಳಗಿನ ಸಾಮಾನು ಇದ್ದ ಹಾಗೇ ಇರುತ್ತದೆ. ಒಂದು ಕಾಲದಲ್ಲಿ ಫೋನೂ ಹಾಗೇ ಇತ್ತು. ಆಂಡ್ರಾಯ್ಡ್ 4.4ರವರೆಗೆ ಪ್ಯಾಟರ್ನ್ ಮರೆತರೆ ಜಿಮೇಲ್ ಪಾಸ್‌ವರ್ಡ್ ಹಾಕಿ ತೆಗೆಯಬಹುದಿತ್ತು. ರೂಟ್ ಆಗಿದ್ದ, ಅಂದರೆ ಕಂಪನಿ ಹಾಕಿದ ಕಟ್ಟು ಬಿಡಿಸಿದ್ದ ಫೋನಾದರೆ ಪ್ಯಾಟರ್ನ್ ಇಟ್ಟುಕೊಂಡ ಒಂದು ಸಣ್ಣ ಫೈಲನ್ನು ಕಂಪ್ಯೂಟರಿನಿಂದ ಅಳಿಸಿದರೂ ಸಾಕಿತ್ತು. ನಾನೇ ಎಷ್ಟು ಫೋನು ಹಾಗೆ ತೆಗೆದಿದ್ದೇನೋ ಲೆಕ್ಕವಿಲ್ಲ. ಮೊಬೈಲ್ ಅಂಗಡಿಯವರು ಏನು ಬೇಕಾದರೂ ತೆಗೆಯುತ್ತಾರೆ ಅನ್ನುವ ಹೆಸರು ಬಂದದ್ದು ಆ ದಿನಗಳಲ್ಲಿ.

ಈಗ ಆ ಬೀಗ ಬಾಗಿಲಿಗೆ ಇಲ್ಲ. ಮನೆಯೊಳಗಿನ ಒಂದೊಂದು ಸಾಮಾನಿಗೂ ಇದೆ. ಒಂದೊಂದು ಫೋಟೋ, ಒಂದೊಂದು ಮೆಸೇಜು ಓದಲಾಗದ ಹಾಗೆ ಕಲಸಿಹೋಗಿರುತ್ತದೆ. ಎನ್‌ಕ್ರಿಪ್ಷನ್ ಅನ್ನುವುದು ಇದಕ್ಕೇ. ನೀವು ಹಾಕುವ ನಂಬರು, ಫೋನಿನ ಚಿಪ್ಪಿನೊಳಗೆ ಕೂತಿರುವ ಗುಟ್ಟು, ಎರಡೂ ಸೇರಿದರೆ ಮಾತ್ರ ಕೀಲಿ ಹುಟ್ಟುತ್ತದೆ. ಆ ಗುಟ್ಟು ಚಿಪ್ಪಿನಿಂದ ಹೊರಗೆ ಬರುವುದಿಲ್ಲ. ಅದಕ್ಕೇ ಫೋನು ಬಿಚ್ಚಿ ಮೆಮೊರಿ ತೆಗೆದು ಬೇರೆ ಕಡೆ ಹಾಕಿದರೂ ಏನೂ ಸಿಗಲ್ಲ. ರೀಸೆಟ್ ಮಾಡಿದರೆ ಕೀಲಿಯೇ ನಾಶವಾಗುತ್ತದೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ತಂದರೂ ಸಿಗುವುದು ಆ ಕಲಸಿದ್ದೇ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಹೊಸ ಫೋನುಗಳಿಗೆಲ್ಲ ಈ ಎನ್‌ಕ್ರಿಪ್ಷನ್ ಕಡ್ಡಾಯ. ಐಫೋನಿನಲ್ಲಿ ಅದಕ್ಕೂ ಮೊದಲೇ ಇತ್ತು.

ಒಂದೊಂದೇ ನಂಬರು ಹಾಕಿ ನೋಡೋಣ ಅಂದರೆ, ನಾಲ್ಕು ಅಂಕಿಗೆ 10,000 ಸಾಧ್ಯತೆ, ಆರು ಅಂಕಿಗೆ 10 ಲಕ್ಷ. ಕೆಲವು ಸಲ ತಪ್ಪಿದ ಮೇಲೆ ಫೋನು ಕಾಯಿಸಲು ಶುರು ಮಾಡುತ್ತದೆ. ಮೊದಲು ಅರ್ಧ ನಿಮಿಷ, ಆಮೇಲೆ ಜಾಸ್ತಿ ಜಾಸ್ತಿ. ಆ ಹೆಂಗಸಿನ ಮಗ ಅಪ್ಪನ ಹುಟ್ಟಿದ ದಿನ, ತನ್ನ ಹುಟ್ಟಿದ ದಿನ, ಬೈಕಿನ ನಂಬರು, ಎಲ್ಲ ಹಾಕಿ ನೋಡಿದ್ದನಂತೆ.

ಇಷ್ಟು ಹೇಳಿದರೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: ಪೊಲೀಸರು ತೆಗೆಯುತ್ತಾರಲ್ಲ? ಹೌದು, ಕೆಲವು ತೆಗೆಯುತ್ತಾರೆ. ಇಸ್ರೇಲಿನ ಸೆಲೆಬ್ರೈಟ್‌ನಂಥ ಕಂಪನಿಗಳ ಸಾಧನ ಇದೆ. ಅದು ಸರ್ಕಾರ, ಪೊಲೀಸು ಅಂಥವರಿಗೆ ದೊಡ್ಡ ಬೆಲೆಗೆ ಮಾರುವ ಸಾಧನ. ಅದಕ್ಕೂ ಎಲ್ಲ ಫೋನು ಬಗ್ಗಲ್ಲ. ಯಾವ ಮಾಡೆಲ್, ಯಾವ ಅಪ್‌ಡೇಟ್, ಆನ್ ಆದ ಮೇಲೆ ಒಮ್ಮೆಯಾದರೂ ಲಾಕ್ ತೆಗೆದಿದ್ದರೋ ಇಲ್ಲವೋ, ಎಲ್ಲದರ ಮೇಲೂ ನಿಂತಿದೆ. 2015ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್ ಬರ್ನಾರ್ಡಿನೊದಲ್ಲಿ ಗುಂಡಿನ ದಾಳಿ ಆಯಿತು. ದಾಳಿ ಮಾಡಿದವನ ಐಫೋನ್ 5ಸಿ ತೆಗೆಯಲು ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಆಪಲ್ ಮೇಲೆ ಕೋರ್ಟಿಗೆ ಹೋಗಬೇಕಾಯಿತು. ಆಪಲ್ ಒಪ್ಪಲಿಲ್ಲ. ಕೊನೆಗೆ 2016ರ ಮಾರ್ಚಿನಲ್ಲಿ ಹೊರಗಿನವರ ಸಹಾಯದಿಂದ ಅದು ತೆರೆಯಿತು. ಒಂದು ಫೋನಿಗೆ ಅಷ್ಟು ತಿಂಗಳು. ಹಾಗಿರುವಾಗ 1500 ರೂಪಾಯಿಗೆ, ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ, ಏನೂ ಹೋಗದ ಹಾಗೆ ಲಾಕ್ ತೆಗೆಯುತ್ತೇನೆ ಅಂದರೆ ನಂಬಬೇಕಾ? ಆನ್‌ಲೈನ್‌ನಲ್ಲಿ ಮಾರುವ ಅನ್‌ಲಾಕ್ ಸಾಫ್ಟ್‌ವೇರ್‌ಗಳಲ್ಲೂ ಬಹುಪಾಲು ಇದೇ ಕಥೆ. ದೊಡ್ಡ ಅಕ್ಷರದಲ್ಲಿ ಯಾವ ಫೋನಾದರೂ ಅನ್‌ಲಾಕ್ ಅಂತ ಇರುತ್ತದೆ. ಎಲ್ಲ ಅಳಿಸಿಹೋಗುತ್ತದೆ ಅನ್ನುವುದು ಕೆಳಗೆ ಸಣ್ಣ ಅಕ್ಷರದಲ್ಲಿ.

ಈ ಬೀಗ ಇಷ್ಟು ಗಟ್ಟಿ ಇರುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ದಸರಾ ಜನಜಂಗುಳಿಯಲ್ಲಿ ಬಿದ್ದುಹೋದ ಫೋನು ಇದರಿಂದಲೇ ಉಳಿಯುವುದು. ಗಲ್ಲಿಯ ಅಂಗಡಿಯಲ್ಲಿ ಡೇಟಾ ಸಮೇತ ತೆರೆಯುವ ಹಾಗಿದ್ದರೆ ಕಳ್ಳನೂ ಅದೇ ಅಂಗಡಿಗೆ ಹೋಗುತ್ತಿದ್ದ.

ಈಗ ನನ್ನ ವಿಷಯ. ಇದನ್ನು ಯಾರಿಗೂ ಹೇಳಿರಲಿಲ್ಲ.

2016ರಲ್ಲಿ, ಮಂಡ್ಯದ ಅಂಗಡಿಯಲ್ಲಿದ್ದಾಗ, ಆಲೆಮನೆ ನಡೆಸುವ ಒಬ್ಬರು ಬಂದರು. ಮೊಮ್ಮಗು ಪ್ಯಾಟರ್ನ್ ಬದಲಾಯಿಸಿಬಿಟ್ಟಿತ್ತು. ಯಾರಿಗೆ ಎಷ್ಟು ಬೆಲ್ಲ ಹೋಯಿತು, ಯಾರಿಂದ ಎಷ್ಟು ಬರಬೇಕು, ಎಲ್ಲ ಚೀಟಿಗಳ ಫೋಟೋ ಫೋನಿನಲ್ಲೇ ಇತ್ತು. ಚೀಟಿ ಎಸೆದಿದ್ದರು. “ಲೆಕ್ಕ ಅದರಲ್ಲೇ ಅದೆ ಕಣಪ್ಪ, ನೋಡ್ಕೊಂಡು ಮಾಡು” ಅಂದರು. “ಏನೂ ಆಗಲ್ಲ ಬಿಡಿ ಅಣ್ಣ” ಅಂದೆ. ಹಳೆಯ ಫೋನುಗಳ ಧೈರ್ಯ ಅದು. ಹೊಸ ಫೋನುಗಳು ಬದಲಾಗಿವೆ ಅಂತ ಅರೆಬರೆ ಕೇಳಿದ್ದೆ, ತಿಳಿದುಕೊಂಡಿರಲಿಲ್ಲ. ಲಾಕ್ ತೆಗೆಯಲು ಅಂಗಡಿಯಲ್ಲಿ ಇಟ್ಟುಕೊಳ್ಳುವ ಸಾಧನ, ಬಾಕ್ಸ್ ಅನ್ನುತ್ತೇವೆ, ಅದಕ್ಕೆ ಹಾಕಿದೆ, ಒತ್ತಿದೆ. ಎಲ್ಲ ಹೋಯಿತು.

ಅವರು ಬೈಯಲಿಲ್ಲ. ಖಾಲಿ ಗ್ಯಾಲರಿಯನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ 300 ರೂಪಾಯಿ ಎಣಿಸಿ ಕೊಟ್ಟರು. ನಾನು ತೆಗೆದುಕೊಂಡೆ.

ಆ 300 ರೂಪಾಯಿ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಇವತ್ತು ಆ ಅಂಗಡಿ ಹುಡುಗನ ಮೇಲೆ ಕೂಗಾಡಲು ಬಾಯಿ ಬರದೇ ಇದ್ದದ್ದೂ ಅದಕ್ಕೇ. ಅವನಿಗೂ ಯಾರೂ ಹೇಳಿಕೊಟ್ಟಿಲ್ಲ. ಹಾಗಂತ ಬಿಡಲು ಆಗುತ್ತಾ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ಕೌಂಟರ್ ಈಚೆ ನಿಂತವರು ನಂಬುವುದು ಆಚೆ ನಿಂತವನ ಮಾತನ್ನು ಮಾತ್ರ.

ಮನೆಯಲ್ಲಿ ಹೀಗೆ ಯಾರದಾದರೂ ಫೋನು ಲಾಕ್ ಆಗಿ ಉಳಿದಿದ್ದರೆ ಮೊದಲು ಅದನ್ನು ಯಾರ ಕೈಗೂ ಕೊಡಬೇಡಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ರೀಚಾರ್ಜ್ ನಿಲ್ಲಿಸಬೇಡಿ, ಆ ನಂಬರಿಗೇ ಓಟಿಪಿ ಬರಬೇಕು. ಮೆಮೊರಿ ಕಾರ್ಡ್ ಇದ್ದರೆ ತೆಗೆದು ನೋಡಿ, ಎಷ್ಟೋ ಸಲ ಫೋಟೋ ಅದರಲ್ಲೇ ಇರುತ್ತದೆ. ಆಮೇಲೆ ಗೂಗಲ್ ಖಾತೆ ತೆರೆದು ನೋಡಿ, ಫೋಟೋಗಳ ಪ್ರತಿ ಅಲ್ಲಿ ಉಳಿದಿರಬಹುದು. ತೀರಿಕೊಂಡವರ ಖಾತೆಗೆ ಮನೆಯವರು ಗೂಗಲ್‌ಗೆ ಅರ್ಜಿ ಹಾಕಲೂ ಬಹುದು. ತಡ ಮಾಡಬೇಡಿ, ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಇನ್ನು ನಿಮ್ಮ ಖಾತೆ ಮುಂದೆ ಯಾರಿಗೆ ಸಿಗಬೇಕು ಅಂತ ಈಗಲೇ ಬರೆದಿಡಲು ಗೂಗಲ್‌ನಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಇದೆ. ಇದೇ ಕೆಲಸಕ್ಕೆ ಐಫೋನಿನಲ್ಲಿ 2021ರ ಕೊನೆಯಿಂದ ಲೆಗಸಿ ಕಾಂಟ್ಯಾಕ್ಟ್ ಇದೆ. ಇವತ್ತು ರಾತ್ರಿಯೇ ಮಾಡಿ.

ಆ ತಾಯಿ-ಮಗ ಇಬ್ಬರನ್ನೂ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದೆ. ಅವರ ಯಜಮಾನರ ಸಿಮ್ಮನ್ನು ನನ್ನ ಫೋನಿಗೆ ಹಾಕಿದೆ. ನಂಬರು, ಹೆಸರು ಕೊಟ್ಟು ಖಾತೆ ಯಾವುದು ಅಂತ ಹುಡುಕಿದೆ. ಎರಡು ಸಲ ಆಗಲಿಲ್ಲ. ಮೂರನೇ ಸಲ ಓಟಿಪಿ ಬಂತು, ಒಳಗೆ ಬಿಟ್ಟಿತು. ಫೋಟೋಗಳಿದ್ದವು. ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಜೋಡಿ ಎತ್ತು ಹಿಡಿದು ನಿಂತ ಯಜಮಾನರು. ಹೊಸ ಸೈಕಲ್ ಮೇಲೆ ಮಗ. ತಾಯಿ ಪರದೆಗೆ ಕೈ ತಾಗಿಸದೆ, ತುಸು ದೂರದಿಂದಲೇ ನೋಡುತ್ತಾ ಕೂತರು. ಆದರೆ 2022ರ ಹತ್ತಿರ ಬಂದು ಫೋಟೋ ನಿಂತುಹೋದವು. ಗೂಗಲ್ ಖಾತೆಯಲ್ಲಿ ಪುಕ್ಕಟೆ ಸಿಗುವ 15 ಜಿಬಿ ಜಾಗ ತುಂಬಿತ್ತು.

“ಇದ್ರಿಂದ ಈಚೆವು?” ಅಂತ ಕೇಳಿದರು.

“ಇಲ್ಲಮ್ಮ” ಅಂದೆ. “ಅವು ಹೋದವು.”

ತಲೆಯಾಡಿಸಿದರು. ಖಾತೆ ಹೆಸರು, ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. ಮಡಿಸಿ, ಫೋನಿನ ಜೊತೆಗೇ ಕರ್ಚೀಫಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡ್ ಕಡೆ ಹೋದರು.