ನಿಧಾನ ಅಂತ ಬೈಯುವ ಮುಂಚೆ ಕುದುರೆ ಮೈ ಉಜ್ಜಿ ನೋಡಿ

ನಿನ್ನೆ ಸಂಜೆಯಿಂದ ನನ್ನ ಸಿಟ್ಟು ಇಳಿದಿಲ್ಲ. ಸಿರುಗುಪ್ಪದಿಂದ ರಜೆಗೆ ಬಳ್ಳಾರಿಗೆ ಬಂದಿರುವ ಚಿಕ್ಕಮ್ಮನ ಮಗ ಗೇಮ್ ಆಡುವ ನನ್ನ ಪಿಎಸ್4ನಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಅನ್ನೋ ಗೇಮ್ ಹಾಕಿದ. ಎರಡೇ ತಾಸು. ಕಂಟ್ರೋಲರ್ ಮಂಚದ ಮೇಲೆ ಎಸೆದ. "ಏನಣ್ಣ ಇದು, ಬರೀ ಕುದ್ರಿ ಓಡ್ಸೋದೇ ಆತು. ಇದಕ್ಯಾಕ ನೂರಕ್ಕ 97 ಕೊಟ್ಟಾರ?"

2018ರಲ್ಲಿ ಬಂದ ಗೇಮ್ ಇದು. ವಿಮರ್ಶಕರ ಅಂಕಗಳ ಸರಾಸರಿ ತೋರಿಸುವ ವೆಬ್‌ಸೈಟ್ ಮೆಟಾಕ್ರಿಟಿಕ್‌ನಲ್ಲಿ ಇದರ ಅಂಕ 97, ನಿಜ. ಅದು ಸುಮ್ನೆ ಬಂದಿಲ್ಲ ಅಂತ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಅವನೊಬ್ಬನೇ ಅಲ್ಲ, ನನ್ನ ಗೆಳೆಯರಲ್ಲೂ ಮುಕ್ಕಾಲು ಮಂದಿ ಇದೇ ಹೇಳುತ್ತಾರೆ. ನಿಧಾನ, ನಿಧಾನ, ನಿಧಾನ.

ಹೌದು, ನಿಧಾನ. ಜಿಂಕೆ ಹೊಡೆದರೆ ಚರ್ಮ ಸುಲಿಯುವುದನ್ನು ನಿಂತು ನೋಡಬೇಕು. ಹೊತ್ತು ತಂದು ಕುದುರೆ ಬೆನ್ನಿಗೆ ಹಾಕಬೇಕು. ಮಾರೋಕೆ ತಡ ಮಾಡಿದರೆ ಕೊಳೆಯುತ್ತದೆ. ಬಂದೂಕಿಗೆ ಎಣ್ಣೆ ಹಚ್ಚಬೇಕು. ಕುದುರೆಗೆ ಕೆಸರಾದರೆ ಬ್ರಷ್ ಹಿಡಿದು ಉಜ್ಜಬೇಕು, ಕುತ್ತಿಗೆ ತಟ್ಟಿ ಸಮಾಧಾನ ಮಾಡಬೇಕು. ಹಾಗೆ ಮಾಡಿದಷ್ಟೂ ಅದು ನಮಗೆ ಹತ್ತಿರವಾಗುತ್ತದೆ.

ನಮ್ಮ ತಾತ ಕಾಲುವೆಯಲ್ಲಿ ಎತ್ತಿನ ಮೈ ತೊಳೆಯುವುದನ್ನು ನೋಡಿ ಬೆಳೆದವನು ನಾನು. ಒಂದು ಹಿಡಿ ಹುಲ್ಲನ್ನು ಸುರುಳಿ ಸುತ್ತಿಕೊಂಡು ಗಂಗೆದೊಗಲಿನಿಂದ ಬಾಲದ ತನಕ ಉಜ್ಜುತ್ತಿದ್ದರು. ಅರ್ಧ ತಾಸು ಅದೇ ಕೆಲಸ. ಎತ್ತು ಕಣ್ಣು ಮುಚ್ಚಿ ನಿಂತಿರುತ್ತಿತ್ತು. ಬೇಗ ಮುಗಿಸು ಅಂತ ಅವರಿಗೆ ಯಾರಾದರೂ ಹೇಳಿದ್ದರಾ?

ಗೇಮ್‌ನಲ್ಲಿ ನನ್ನ ಮೊದಲ ಕುದುರೆ ಗುಂಡೇಟಿಗೆ ಬಿತ್ತು. ಎಬ್ಬಿಸುವ ಔಷಧಿ ನನ್ನ ಹತ್ತಿರ ಇರಲಿಲ್ಲ. ಸತ್ತ ಕುದುರೆ ಅಲ್ಲಿ ಮತ್ತೆ ಬರೋದಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಷ್ಟು ದಿನ ಅದರ ಮೈ ಉಜ್ಜದೇ ಇದ್ದಿದ್ದರೆ ಅಷ್ಟು ಸಂಕಟ ಆಗುತ್ತಿತ್ತಾ?

ಒಂದು ತಕರಾರು ಒಪ್ಪುತ್ತೇನೆ. ಮಿಷನ್ ಒಳಗೆ, ಅಂದರೆ ಕಥೆ ಮುಂದುವರಿಸೋಕೆ ಗೇಮ್ ಕೊಡುವ ಕೆಲಸದಲ್ಲಿ, ಹೇಳಿದ ದಾರಿ ಬಿಟ್ಟು ಸ್ವಲ್ಪ ಆಚೆ ಹೋದರೆ ಸಾಕು, ಫೇಲ್. ಅಷ್ಟು ದೊಡ್ಡ ಬಯಲು ಕೊಟ್ಟು ಅಲ್ಲಿ ಮಾತ್ರ ಮೂಗುದಾರ ಹಾಕಿದ್ದಾರೆ. ಆದರೆ ಅದೊಂದಕ್ಕೆ ಗೇಮ್‌ನ ನಾಯಕ ಆರ್ಥರ್ ಮಾರ್ಗನ್‌ನನ್ನೇ ಬಿಟ್ಟುಬಿಡೋಕೆ ಆಗುತ್ತಾ?

(ಇನ್ನೂ ಆಡದವರು ಮುಂದಿನ ಪ್ಯಾರಾ ಓದಬೇಡಿ.)

ಕಥೆ ನಡೆಯೋದು 1899ರಲ್ಲಿ. ಸಾಲ ವಸೂಲಿಗೆ ಹೋದ ಆರ್ಥರ್ ಒಬ್ಬ ಬಡ ರೈತನನ್ನು ಹಿಡಿದು ಹೊಡೆಯುತ್ತಾನೆ. ಆ ರೈತ ಕೆಮ್ಮಿದಾಗ ರಕ್ತ ಇವನ ಮುಖಕ್ಕೆ ಸಿಡಿಯುತ್ತದೆ. ಎಷ್ಟೋ ತಾಸು ಆಡಿದ ಮೇಲೆ ಡಾಕ್ಟರು ಹೇಳುತ್ತಾರೆ, ಟಿಬಿ. ರೋಗಾಣು 1882ರಲ್ಲೇ ಗೊತ್ತಾಗಿತ್ತು, ಆದರೆ ಅದನ್ನು ಕೊಲ್ಲುವ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ನಮ್ಮಪ್ಪನಿಗೂ ಟಿಬಿ ಆಗಿತ್ತು. ಆರು ತಿಂಗಳು ಮಾತ್ರೆ ನುಂಗಿ ಗುಣವಾದರು. ಆರ್ಥರ್‌ಗೆ ಆ ಮಾತ್ರೆ ಇಲ್ಲ. ಅವನ ಕೆನ್ನೆ ಒಳಗೆ ಹೋಗುತ್ತಾ, ಕಣ್ಣು ಕೆಂಪಾಗುತ್ತಾ ಬರುವುದನ್ನು ನೋಡುತ್ತಾ ಅದೇ ಬಯಲಲ್ಲಿ ಕುದುರೆ ಓಡಿಸಬೇಕು. ಆಗ ಇನ್ನೂ ಸ್ವಲ್ಪ ನಿಧಾನ ಆಗಲಿ ಅಂತ ನಾನೇ ಲಗಾಮು ಎಳೆದಿದ್ದೇನೆ.

ಇವತ್ತು ಮಧ್ಯಾಹ್ನ ಕಂಟ್ರೋಲರನ್ನು ಮತ್ತೆ ತಮ್ಮನ ಕೈಗೆ ಕೊಟ್ಟೆ. ಮೊದಲು ಕುದುರೆ ಮೈ ಉಜ್ಜು, ಆಮೇಲೆ ಮಾತಾಡೋಣ ಅಂದೆ.