ತುಮಕೂರಿಗೆ ಬರ್ತೀರಾ? ಮೊದಲು ಮನೆಯಲ್ಲಿ ಎಷ್ಟು ಜನ ಹೇಳಿ

ಈ ತಿಂಗಳಲ್ಲಿ ಇದು ನಾಲ್ಕನೇ ಫೋನು. "ನೀನು ತುಮಕೂರಿಗೆ ಹೋಗಿ ಮೂರು ವರ್ಷ ಆಯ್ತಲ್ಲ, ಹೇಗಿದೆ? ನಾವೂ ಬಂದುಬಿಡೋಣ ಅಂತಿದೀವಿ." ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಹೇಳಿ ಬಾಯಿ ಒಣಗಿತು. ಅದಕ್ಕೇ ಇಲ್ಲಿ ಬರೆದು ಹಾಕುತ್ತಿದ್ದೇನೆ. ಇನ್ನು ಮೇಲೆ ಯಾರು ಕೇಳಿದರೂ ಇದರ ಲಿಂಕ್ ಕಳಿಸುತ್ತೇನೆ.

ನಾವು ಮೊದಲು ಇದ್ದದ್ದು ಬೆಂಗಳೂರಿನ ಟಿ. ದಾಸರಹಳ್ಳಿಯಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಬಾಡಿಗೆ 18,000. ಈಗ ಇರುವುದು ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜು ಹತ್ತಿರದ ಒಂದು ಬೀದಿಯಲ್ಲಿ. ನೆಲಮಹಡಿ, ಗೇಟಿನ ಪಕ್ಕ ನುಗ್ಗೆಮರ, ಬಾಡಿಗೆ 9,500. ಇಷ್ಟು ಕೇಳಿದ ತಕ್ಷಣ "ಅಯ್ಯೋ, ಅರ್ಧಕ್ಕರ್ಧ ಉಳೀತಲ್ಲಪ್ಪಾ" ಅನ್ನುತ್ತಾರೆ. ನಾನೂ ಹಾಗಂದುಕೊಂಡೇ ಲಾರಿಗೆ ಸಾಮಾನು ಏರಿಸಿದ್ದು.

ನನ್ನ ಕೆಲಸ ಮಲ್ಲೇಶ್ವರದಲ್ಲಿ. ದಾಸರಹಳ್ಳಿಯಿಂದ ಮೆಟ್ರೊದಲ್ಲಿ ಆರಾಮಾಗಿ ಹೋಗುತ್ತಿದ್ದೆ. ಈಗ ರೈಲು. ತುಮಕೂರಿಂದ ಬೆಂಗಳೂರು 70 ಕಿಲೋಮೀಟರ್. ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ದೊಡ್ಡಬೆಲೆ, ಗೊಲ್ಲಹಳ್ಳಿ, ಸೋಲದೇವನಹಳ್ಳಿ, ಚಿಕ್ಕಬಾಣಾವರ, ಯಶವಂತಪುರ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಸಾಲಾಗಿ ಹೇಳುತ್ತೇನೆ. ತಿಂಗಳ ಪಾಸ್ ಇದ್ದರೆ ರೈಲಿನ ಖರ್ಚು ಖರ್ಚೇ ಅಲ್ಲ. ಈಗ ಮೆಮು (ಕರೆಂಟಿನ ಲೋಕಲ್ ರೈಲು) ಬೇರೆ ಬಂದಿದೆ. ನಮ್ಮ ಸಂಸದರೇ ರೈಲ್ವೆ ರಾಜ್ಯ ಸಚಿವರೂ ಆಗಿರುವುದರಿಂದ ಡಬ್ಬಿಯಲ್ಲಿ ಎಲ್ಲರಿಗೂ ಆಸೆ ಸ್ವಲ್ಪ ಜಾಸ್ತಿಯೇ ಇದೆ. ಕರ್ಚೀಫ್ ಹಾಕಿ ಸೀಟು ಹಿಡಿಯುವವರು, ಭಜನೆ ಮಾಡುವವರು, ಇಸ್ಪೀಟು ಆಡುವವರು, ಅವರೆಕಾಯಿ ಕಾಲದಲ್ಲಿ ಕಾಯಿ ಬಿಡಿಸುತ್ತಲೇ ಯಶವಂತಪುರ ಮುಟ್ಟುವ ಹೆಂಗಸರು, ಎಲ್ಲರೂ ಇದ್ದಾರೆ. ನಿಜ ಹೇಳಬೇಕೆಂದರೆ ನನಗೆ ಈ ರೈಲು ಇಷ್ಟ. ಆದರೆ ಯಾವುದೋ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ಸಣ್ಣ ಸ್ಟೇಷನ್ನಿನಲ್ಲಿ ಸುಮ್ನೆ ನಿಲ್ಲಿಸಿದ ದಿನ ಈ ಪ್ರೀತಿ ಇರುವುದಿಲ್ಲ. ಮನೆ ಬಿಟ್ಟು ಆಫೀಸು ಸೇರಲು ಎರಡು ಗಂಟೆ, ವಾಪಸ್ ಎರಡು ಗಂಟೆ. ಮೊದಲಿಗಿಂತ ದಿನಕ್ಕೆ ಎರಡೂವರೆ ಗಂಟೆ ಜಾಸ್ತಿ ಹೋಗುತ್ತಿದೆ. ಇದು ನನಗೆ ಮೊದಲೇ ಗೊತ್ತಿತ್ತು, ಒಪ್ಪಿಕೊಂಡೇ ಬಂದೆ.

ನಾನು ಲೆಕ್ಕ ಹಾಕದೇ ಇದ್ದದ್ದು ನನ್ನ ಹೆಂಡತಿಯದ್ದು.

ಅವಳು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದಳು. ಸಂಬಳ 24,000. "ಬಸ್ಸಿಗೇನು, ಶಕ್ತಿ ಯೋಜನೆ ಇದೆ, ಟಿಕೆಟ್ಟೇ ಇಲ್ಲ" ಅಂದಿದ್ದೆ. ಹೌದು, 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಬೆಳಿಗ್ಗೆ ತುಮಕೂರಿನಲ್ಲಿ ಆ ಬಸ್ಸಿಗೆ ಕಾಲಿಡಲು ಜಾಗ ಸಿಗಬೇಕಲ್ಲ? ನೆಲಮಂಗಲ ದಾಟುವುದೇ ಒಂದು ಸಾಹಸ. ಸೋಮವಾರ ಬೆಳಿಗ್ಗೆಯಂತೂ ಊರಿಗೆ ಹೋದವರೆಲ್ಲ ಒಟ್ಟಿಗೇ ವಾಪಸ್ ಬರುತ್ತಿರುತ್ತಾರೆ. ರಸ್ತೆ ಅಗಲ ಮಾಡುವ ಕೆಲಸ ಇದ್ದ ಕಡೆ ಸರ್ವಿಸ್ ರಸ್ತೆಗೆ ತಿರುಗಿಸುತ್ತಾರೆ. ಅವಳು ಐದಕ್ಕೆ ಎದ್ದು, ಅಡುಗೆ ಮಾಡಿ, ನಾಲ್ಕು ಡಬ್ಬಿ ಕಟ್ಟಿ, ನಿಂತುಕೊಂಡೇ ಹೋಗಿ, ನಿಂತುಕೊಂಡೇ ಬಂದು, ಮತ್ತೆ ಒಲೆ ಮುಂದೆ ನಿಲ್ಲುತ್ತಿದ್ದಳು. ನನ್ನ ರೈಲಿನಲ್ಲಿ ಭಜನೆ ಇತ್ತು. ಅವಳ ಬಸ್ಸಿನಲ್ಲಿ ಅದೂ ಇರಲಿಲ್ಲ. ಆರು ತಿಂಗಳು ಎಳೆದಳು, ಆಮೇಲೆ ಬಿಟ್ಟಳು.

ಈಗ ಇಲ್ಲೇ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿದ್ದಾಳೆ. ಸಂಬಳ 13,000. ಅದೂ ಹತ್ತನೇ ತಾರೀಖಿನ ಮೇಲೆ ಬಂದರೆ ಬಂತು. ಈಗ ಕೂಡಿ ಕಳೆದು ನೋಡಿ. ಬಾಡಿಗೆಯಲ್ಲಿ ಉಳಿದದ್ದು 8,500. ಸಂಬಳದಲ್ಲಿ ಹೋದದ್ದು 11,000. ಅಂದರೆ "ಅರ್ಧಕ್ಕರ್ಧ ಉಳಿಸಿಕೊಂಡ" ನಮ್ಮ ಮನೆಗೆ ತಿಂಗಳಿಗೆ 2,500 ನಷ್ಟ! ತರಕಾರಿ, ಹಾಲು, ಆಟೊ ಅಂತ ಅಲ್ಲಿ ಇಲ್ಲಿ ಉಳಿಯುವುದನ್ನು ಸೇರಿಸಿದರೆ ಹೆಚ್ಚೆಂದರೆ ಸಮ ಆಗಬಹುದು. ಒಂದು ದಿನ ಹೀಗೇ ಮಾತಿಗೆ ಅವಳೇ ಹೇಳಿದಳು: "ನಾನು ಕೆಲಸ ಬಿಟ್ಟಿದ್ದಕ್ಕೆ ಬಾಡಿಗೆ ಕಮ್ಮಿ ಆಯ್ತು ಅಂತ ಬರ್ಕೊಳ್ಳಿ." ಅವತ್ತು ನನ್ನ ಬಾಯಿಂದ ಮಾತು ಬರಲಿಲ್ಲ.

ಇನ್ನು ಅಮ್ಮ. ಅವರಿಗೆ ಈ ಊರು ಪೂರ್ತಿ ಲಾಭ. ನಮ್ಮ ಮೂಲ ಗುಬ್ಬಿ ಕಡೆಯ ಹಳ್ಳಿ. ದಾಸರಹಳ್ಳಿಯಲ್ಲಿ ಮೆಟ್ಟಿಲಿಳಿಯಲು ಆಗದೆ ಅಮ್ಮ ವರ್ಷಗಟ್ಟಲೆ ಕಿಟಕಿ ಪಕ್ಕವೇ ಕೂತಿದ್ದರು. ಈಗ ಬೇಜಾರಾದರೆ ಬ್ಯಾಗು ಹಿಡಿದು ಗುಬ್ಬಿ ಬಸ್ಸು ಹತ್ತಿ ಚಿಕ್ಕಮ್ಮನ ಮನೆಗೆ ಹೋಗಿಬಿಡುತ್ತಾರೆ. ಶಕ್ತಿ ಯೋಜನೆಯ ಪೂರ್ತಿ ಪ್ರಯೋಜನ ಪಡೆದವರು ನಮ್ಮ ಮನೆಯಲ್ಲಿ ಅವರೊಬ್ಬರೇ. ಶಿವರಾತ್ರಿ ಸಮಯದಲ್ಲಿ ಸಿದ್ಧಗಂಗೆ ಜಾತ್ರೆಗೆ ಹೋಗಿ, ದನಗಳ ಪರಿಷೆಯಲ್ಲಿ ಹಳ್ಳಿಕಾರ್ ಎತ್ತುಗಳ ಬೆಲೆ ಕೇಳಿಕೊಂಡು ಬಂದರು. ಕೊಳ್ಳುವುದಕ್ಕಲ್ಲ. ಸುಮ್ನೆ. ಎಷ್ಟು ವರ್ಷದ ಮೇಲೆ ಅವರ ಧ್ವನಿ ಅಷ್ಟು ಜೋರಾಗಿತ್ತು ಅಂತೀರಿ!

ಆದರೆ ಕಳೆದ ವರ್ಷ ಒಂದು ರಾತ್ರಿ ಅವರಿಗೆ ಎದೆನೋವು ಬಂತು. ಹತ್ತಿರದ ನರ್ಸಿಂಗ್ ಹೋಮ್‌ನವರು ಇಸಿಜಿ ಮಾಡಿ "ಬೆಂಗಳೂರಿಗೆ ಕರ್ಕೊಂಡು ಹೋಗಿ" ಅಂದರು. ಇಲ್ಲಿ ಜಿಲ್ಲಾಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳಿವೆ, ಕೈಕಾಲು ಮುರಿದರೆ ಯಾವ ಯೋಚನೆಯೂ ಇಲ್ಲ. ಆದರೂ ಆ ರಾತ್ರಿ ಆಂಬುಲೆನ್ಸ್‌ನಲ್ಲಿ ಕೂತಾಗ 70 ಕಿಲೋಮೀಟರ್ ಅಂದರೆ ಎಷ್ಟು ಅಂತ ಗೊತ್ತಾಯಿತು. ಕೊನೆಗೆ ಗ್ಯಾಸ್ಟ್ರಿಕ್ ಅಂತ ತಿಳಿದು ಬೆಳಿಗ್ಗೆ ನಗುತ್ತಾ ವಾಪಸ್ ಬಂದೆವು. ಮನೆಯಲ್ಲಿ ಹೃದಯದ ತೊಂದರೆ ಇರುವವರಿದ್ದರೆ ಇದನ್ನು ಎರಡು ಸಲ ಓದಿಕೊಳ್ಳಿ.

ಮಗಳಿಗೆ ಎಂಟನೇ ಕ್ಲಾಸು. ಸೈಕಲ್ಲಲ್ಲಿ ಶಾಲೆಗೆ ಹೋಗುತ್ತಾಳೆ. ದಾಸರಹಳ್ಳಿಯಲ್ಲಿ ಇದು ಕನಸಿನ ಮಾತು. ಓದಿಗಂತೂ ಈ ಊರಲ್ಲಿ ಕೊರತೆ ಇಲ್ಲ, ಎಸ್‌ಐಟಿ 1963ರದ್ದು, ವಿಶ್ವವಿದ್ಯಾಲಯ ಬಂದು 20 ವರ್ಷ ದಾಟಿತು. ಅವಳ ದೂರು ಒಂದೇ: "ಇಲ್ಲಿ ನೋಡೋಕೆ ಏನೂ ಇಲ್ಲ." ದೇವರಾಯನದುರ್ಗಕ್ಕೆ ಕರೆದುಕೊಂಡು ಹೋದೆ, ನಾಮದ ಚಿಲುಮೆಯ ಜಿಂಕೆವನ ತೋರಿಸಿದೆ. "ಮಾಲ್ ಕೇಳಿದ್ರೆ ಜಿಂಕೆ ತೋರಿಸ್ತಾರೆ" ಅಂತ ಅಜ್ಜಿ ಹತ್ತಿರ ಹೇಳಿದಳಂತೆ.

ನೀರಿನ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಬೇಕು. ಈ ಊರಿಗೆ ತನ್ನದು ಅಂತ ಒಂದು ಹೊಳೆ ಇಲ್ಲ. ಕುಡಿಯುವುದು ಹೇಮಾವತಿ ನೀರು. ಹಾಸನದ ಗೊರೂರು ಡ್ಯಾಮಿನಿಂದ ಕಾಲುವೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ಸೇರಿ, ಅಲ್ಲಿಂದ ನಮ್ಮ ನಲ್ಲಿಗೆ. ಎಕ್ಸ್‌ಪ್ರೆಸ್ ಕೆನಾಲ್ (ಹೇಮಾವತಿ ನೀರನ್ನು ನೇರ ಕುಣಿಗಲ್ ಕಡೆಗೆ ಒಯ್ಯುವ ಕಾಲುವೆ) ವಿಷಯಕ್ಕೆ ಜಿಲ್ಲೆಯಲ್ಲಿ ಎದ್ದ ಗಲಾಟೆ ಪೇಪರಿನಲ್ಲಿ ಓದಿರುತ್ತೀರಿ. ಬೆಂಗಳೂರಿನಲ್ಲಿ ಕೂತವರಿಗೆ ಅದು ರಾಜಕೀಯ, ಇಲ್ಲಿ ಅದು ಸಂಪಿನ ಪ್ರಶ್ನೆ. ನಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತದೆ. ಮನೆ ನೋಡಲು ಬಂದಾಗ ಟೈಲ್ಸ್ ನೋಡಬೇಡಿ, ಸಂಪಿನ ಮುಚ್ಚಳ ತೆಗೆಸಿ ನೋಡಿ.

ಸೈಟು ಕೊಳ್ಳುವವರಿಗೆ ಒಂದು ಮಾತು. ಬ್ರೋಕರ್ ಬಾಯಲ್ಲಿ ಮೆಟ್ರೊ ಆಗಲೇ ನಮ್ಮೂರಿನ ಬಟವಾಡಿಗೆ ಬಂದು ನಿಂತಿದೆ. ಅಸಲಿಗೆ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಅಂಚಿನ ಮಾದಾವರ ಮುಟ್ಟಿತು, ಓಡುವುದು ಅಲ್ಲಿಯವರೆಗೆ. ತುಮಕೂರಿನವರೆಗೆ ತರುವ ಮಾತು ಅದೇ ವರ್ಷದ ರಾಜ್ಯ ಬಜೆಟ್‌ನಲ್ಲಿ ಬಂದದ್ದು ನಿಜ, ಸಾಧ್ಯವೇ ಅಂತ ನೋಡುತ್ತೇವೆ ಅನ್ನುವ ಲೆಕ್ಕದಲ್ಲಿ. ಬೆಂಗಳೂರಿನ ಎರಡನೇ ಏರ್‌ಪೋರ್ಟ್‌ನ ಜಾಗಗಳ ಪಟ್ಟಿಯಲ್ಲಿ ನೆಲಮಂಗಲ–ಕುಣಿಗಲ್ ರಸ್ತೆಯ ಹೆಸರು ಕಂಡದ್ದೇ ತಡ, ಸೈಟಿನ ರೇಟು ಮಾತ್ರ ಆಗಲೇ ಹಾರುತ್ತಿದೆ. ಕನ್ವರ್ಷನ್ (ಕೃಷಿ ಜಮೀನನ್ನು ಮನೆ ಕಟ್ಟಲು ಬದಲಿಸುವುದು) ಆಗಿದೆಯಾ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅಪ್ರೂವಲ್ ಇದೆಯಾ, ಇ-ಖಾತೆ ಯಾರ ಹೆಸರಲ್ಲಿದೆ, ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಏನಿದೆ, ಇಷ್ಟು ನೋಡದೆ ಅಡ್ವಾನ್ಸ್ ಕೊಡಬೇಡಿ. ಬರಲಿರುವ ಮೆಟ್ರೊಗೆ ಈಗಲೇ ದುಡ್ಡು ಕೊಡುವುದು ನನ್ನ ಮಟ್ಟಿಗೆ ಪೆದ್ದತನ.

"ಹಾಗಾದ್ರೆ ವಾಪಸ್ ಬರ್ತೀಯಾ?" ಅಂತ ಕೇಳುತ್ತಾರೆ. ಇಲ್ಲ. ಅಮ್ಮನನ್ನು ಮತ್ತೆ ಆ ಕಿಟಕಿ ಪಕ್ಕ ಕೂರಿಸಲು ನನಗೆ ಮನಸ್ಸಿಲ್ಲ, ನನ್ನ ಹೆಂಡತಿಗೂ ಇಲ್ಲ. ಆದರೆ ಅವಳಿಗೆ ಸರಿಯಾದ ಕೆಲಸ ಹುಡುಕುವುದು ಈಗ ನಮ್ಮ ಮನೆಯ ಮೊದಲ ಕೆಲಸ. ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಕಡೆ ಕಂಪನಿಗಳಲ್ಲಿ ಅಕೌಂಟ್ಸ್‌ಗೆ ಜನ ಬೇಕಿದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ತಿಳಿಸಿ. ಇದೇನೂ ತಮಾಷೆಗೆ ಬರೆದದ್ದಲ್ಲ.

ನಿನ್ನೆ ಫೋನ್ ಮಾಡಿದ ಗೆಳೆಯ ಈ ಭಾನುವಾರ ಊರು ನೋಡಲು ಬರುತ್ತಾನಂತೆ. ಭಾನುವಾರ ಎಲ್ಲ ಊರೂ ಚೆನ್ನಾಗಿಯೇ ಕಾಣುತ್ತದೆ. "ಸೋಮವಾರ ಬಾರೋ, ಹೆಂಡತೀನೂ ಕರ್ಕೊಂಡು ಬಾ. ಬೆಳಿಗ್ಗೆ ಆರೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಪೀಣ್ಯದವರೆಗೆ ಒಂದು ಸಲ ಹೋಗಿ ನೋಡಲಿ" ಅಂದೆ. "ಅವಳಿಗೆ ಸೋಮವಾರ ರಜೆ ಸಿಗಲ್ಲ ಕಣೋ" ಅಂದ. ಸರಿ, ಭಾನುವಾರವೇ ಬಾ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣ, ಮಾತಾಡುವುದನ್ನು ಅವಳ ಹತ್ತಿರವೇ ಮಾತಾಡ್ತೀನಿ ಅಂದಿದ್ದೇನೆ.